ಸ್ಕಾಟ್ಲೆಂಡಿನ ಹಿಡಿ ಮಣ್ಣು

"ನಾ ಆ ಮನಿ ಬಿಟ್ಟು ಓಡಿ ಹೋಗಾಕಿ ಅಲ್ರಿ, ಗೋದಕ್ಕ. ಆದ್ರ ಈ ಅಪವಾದ ತಲಿ ಮ್ಯಾಲೆ ಹೊತ್ಕೊಂಡು ಅಲ್ಲಿ ಇರಾಕಿನೂ ಅಲ್ಲ. ದಸರಾದೊಳಗ ಇದನ್ನ ಯಾರು ಮಾಡಿದ್ರು ಅಂತ ಗೊತ್ತಾಗಬೇಕ್ರಿ."

ನವರಾತ್ರಿಯ ಅಷ್ಟಮಿಯ ಬೆಳಿಗ್ಗೆ, ಪುಣೆಯ ಕೋಥರೂಡಿನ ಗೋದಾ ಹುಕ್ಕೇರಿಯ ಮನೆಯಲ್ಲಿ, ಸೋಫಾದ ತುದಿಗೆ ಕೂತು ನೀತಾ ಹೀಗೆ ಹೇಳಿದಾಗ, ಎದುರಿಗಿದ್ದ ಮನೋಹರ ಕಟ್ಟಿ ಅವಲಕ್ಕಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ. ಅವಳ ಕಣ್ಣು ಕೆಂಪಾಗಿತ್ತು, ಆದರೆ ದನಿ ನಡುಗುತ್ತಿರಲಿಲ್ಲ. ಅಳುವುದನ್ನು ಮನೆಯಲ್ಲೇ ಮುಗಿಸಿ ಬಂದ ಹೆಂಗಸು ಎಂದು ಮನೋಹರನಿಗೆ ಅನ್ನಿಸಿತು.

ಮನೋಹರ ರೈಲ್ವೆಯಿಂದ ನಿವೃತ್ತನಾದವನು, ಗೋದಕ್ಕನ ಕೆಳಗಿನ ಮನೆಯವನು, ಅಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿ. ಬದುಕಿನಲ್ಲಿ ಅವನಿಗೆ ಎರಡೇ ಚಟ. ಒಂದು, ಸಿಕ್ಕವರಿಗೆಲ್ಲ ಶಾಲು ಹೊದಿಸಿ ಭಾಷಣ ಮಾಡುವುದು. ಇನ್ನೊಂದು, ಗೋದಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವಳ ತನಿಖೆಗಳಿಗೆ ಹೋಗುವುದು. ಗೋದಕ್ಕ ವಿಮಾ ಕಂಪನಿಯಲ್ಲಿ ತನಿಖಾಧಿಕಾರಿಯಾಗಿದ್ದವಳು. ಸುಟ್ಟ ಗೋದಾಮು, ಒಣಗಿದ ಬೆಳೆ, ಮುಳುಗಿದ ದೋಣಿ, ಯಾರು ಏನೇ ಕಳೆದುಕೊಂಡೆನೆಂದರೂ ಹೋಗಿ ಬಗ್ಗಿ ನೋಡಿ ಬರುವುದು ಅವಳ ನೌಕರಿಯಾಗಿತ್ತು. ನಿವೃತ್ತಿಯ ನಂತರವೂ ಬಗ್ಗಿ ನೋಡುವ ಅಭ್ಯಾಸ ಹೋಗಿರಲಿಲ್ಲ. ಪುಣೆಯ ಅರ್ಧ ಕನ್ನಡಿಗರಿಗೆ ತಮ್ಮ ಮನೆಯ ಗುಟ್ಟು ಪೊಲೀಸರಿಗಿಂತ ಅವಳ ಹತ್ತಿರ ಹೇಳುವುದೇ ಹಗುರ.

"ಮೊದಲಿನಿಂದ ಹೇಳವಾ," ಎಂದಳು ಗೋದಕ್ಕ.

ಮೊದಲು ಎಂದರೆ ಆ ಚಿತ್ರ. ನೀತಾಳ ಮಾವ ನಿಜಲಿಂಗಪ್ಪನವರಿಗೆ ತಳೇಗಾಂವ ದಾಭಾಡೆಯಲ್ಲಿ ಗಾಡಿಗಳ ಸ್ಪ್ರಿಂಗ್ ಮಾಡುವ ಕಾರ್ಖಾನೆಯಿದೆ. ಅವರ ಅಜ್ಜ ಬೆಳಗಾವಿಯಿಂದ ಬಂದು ಖಡಕಿಯ ದಂಡಿನಲ್ಲಿ ಒಬ್ಬ ಬಿಳಿ ಸಾಹೇಬನ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದರು. ಸಾಹೇಬ ತನ್ನ ದೇಶಕ್ಕೆ ಹಿಂದಿರುಗುವಾಗ ತನ್ನ ಊರಿನ ಮನೆಯ ಚಿತ್ರವೊಂದನ್ನು ಕೊಟ್ಟು ಹೋದ. ಸ್ಕಾಟ್ಲೆಂಡಿನ ಲಾರ್ನ್‌ಬ್ರೇ ಎಂಬ ಹಳೆಯ ಬಂಗಲೆ, ಕಲ್ಲಿನ ಗೋಪುರ, ಸುತ್ತ ಹುಲ್ಲುಗಾವಲು. ಆ ಚಿತ್ರದ ಕೆಳಗೇ ನಿಜಲಿಂಗಪ್ಪ ಹುಟ್ಟಿ ಬೆಳೆದದ್ದು. ಈಗ ಆ ಬಂಗಲೆ ಮಾರಾಟಕ್ಕೆ ಬಂದಿತ್ತು. ಹೊರದೇಶದ ಆಸ್ತಿ ಕೊಡಿಸುವ ಸುಖೇಶ್ ಎಂಬ ಏಜೆಂಟ್ ವಿಡಿಯೋ ತೋರಿಸಿದ ದಿನವೇ ಅವರು ತೀರ್ಮಾನಿಸಿಬಿಟ್ಟರು. ಕಾರ್ಖಾನೆ ಒತ್ತೆಯಿಟ್ಟಾದರೂ ಸರಿ, ಜೀನು ಹೊಲಿದವನ ಮೊಮ್ಮಗ ಆ ಮನೆಯ ಬಾಗಿಲು ತೆರೆಯಬೇಕು.

"ನಾ ಹಳೇ ಕಟ್ಟಡ ಪರೀಕ್ಷಾ ಮಾಡೋ ಇಂಜಿನಿಯರ್ ಅದೀನ್ರಿ," ಎಂದಳು ನೀತಾ. "ವಿಡಿಯೋದಾಗ ಮುಂಬಾಗಲಾ ಅಷ್ಟ ತೋರಸ್ತಾರ. ಹಿಂದಿನ ಗ್ವಾಡಿ, ಮ್ಯಾಲಿನ ಚಾವಣಿ ಒಂದ ಸಲನೂ ಇಲ್ಲ. ಯಾಕಂತ ಕೇಳಿದೆ. 'ಕಿಟ್ಟಿ ಕಣ್ಣಾರೆ ನೋಡಿ ಬಂದಾನ, ಮತ್ತೇನು ಬೇಕು?' ಅಂದ್ರು ಮಾವಾರು."

ಕಿಟ್ಟಿ ನಿಜಲಿಂಗಪ್ಪನವರ ಬಾಲ್ಯದ ಗೆಳೆಯ, ಅವರ ಹೌಸಿಂಗ್ ಸೊಸೈಟಿಯಲ್ಲೇ ಎರಡು ಮನೆ ಆಚೆಗೆ ಇರುವವನು. ಮನೆಯನ್ನು ನೋಡಿಬರಲು ಅವನನ್ನೇ ಕಳಿಸಿದ್ದರು. ಜೊತೆಗೆ ಇನ್ನೊಂದು ಕೆಲಸವೂ ಇತ್ತು. ನಿಜಲಿಂಗಪ್ಪನವರ ತಾಯಿ ಶಿವಬಸವ್ವ ಒಂದು ಷರತ್ತು ಹಾಕಿದ್ದರು. ಆ ನೆಲದ ಹಿಡಿ ಮಣ್ಣು ತರಬೇಕು, ಅದರಲ್ಲೇ ನವರಾತ್ರಿಯ ಘಟ ಹಾಕಬೇಕು, ಸಸಿ ಹುಲುಸಾಗಿ ಬಂದರೆ ಮಾತ್ರ ಕೊಳ್ಳಬೇಕು. ಎಲೆಯ ಮೇಲೆ ಮಣ್ಣು ಹರಡಿ, ನಡುವೆ ನೀರಿನ ಗಡಿಗೆ ಇಟ್ಟು, ಸುತ್ತ ಗೋಧಿ ಜೋಳ ಬಿತ್ತಿ, ಪಕ್ಕದಲ್ಲಿ ನಂದಾದೀಪ ಹಚ್ಚುವುದು ಅವರ ಮನೆಯಲ್ಲಿ ತಲೆತಲಾಂತರದ ಪದ್ಧತಿ. ದಸರಾದ ದಿನ ಆ ಸಸಿಯನ್ನು ಪ್ರಸಾದವೆಂದು ಮುಡಿಗೆ ಸಿಕ್ಕಿಸಿಕೊಳ್ಳುತ್ತಾರೆ.

"ಕಿಟ್ಟಿಯವರ ಬೀಳ್ಕೊಡುಗೆ ಸಮಾರಂಭ ನಾನೇ ಮಾಡಿಸಿದ್ದೆ," ಎಂದು ಮನೋಹರ ನಡುವೆ ಬಾಯಿ ಹಾಕಿದ. "ಹಾಲ್ ಅವತ್ತೊಂದ ದಿನ ಖಾಲಿ ಇತ್ತು. ಇನ್ನೂ ವೀಸಾ ಬಂದಿದ್ದಿಲ್ಲ, ಬರತದ ತಗೋರಿ ಅಂತ ಶಾಲು, ಪೇಟಾ, ಹಣ್ಣಿನ ಬುಟ್ಟಿ ಎಲ್ಲಾ ಕೊಟ್ಟು ಕಳಿಸಿದ್ವಿ. ತಿರುಗಿ ಬಂದ ಮ್ಯಾಲೆ ಸ್ಕಾಟ್ಲೆಂಡ್ ಅನುಭವದ ಬಗ್ಗೆ ಒಂದು ಭಾಷಣಾ ಕೊಡ್ರಿ ಅಂದ್ರ ಗಂಟಲಾ ಕೆಟ್ಟದ ಅಂದ್ರು. ಮೈಕ್ ಕಂಡ್ರ ಬಿಡದ ಮನುಷ್ಯಾ!"

"ನಿಂದು ಆಮ್ಯಾಲೆ," ಎಂದು ಗೋದಕ್ಕ ಅವನನ್ನು ಸುಮ್ಮನಾಗಿಸಿದಳು. "ಇವತ್ತ ಬೆಳಿಗ್ಗೆ ಏನಾತು?"

ನೀತಾ ಸ್ನಾನ ಮಾಡಿ ದೇವರ ಕೋಣೆಗೆ ಹೋದಾಗ ಘಟ ಉರುಳಿಬಿದ್ದಿತ್ತು. ಗಡಿಗೆ ಒಡೆದು, ಮಣ್ಣು, ಸಸಿ ಎಲ್ಲ ನೆಲದ ಪಾಲಾಗಿತ್ತು. ಅವಳು ಕೂತು ಮಣ್ಣನ್ನು ಬಳಿಯುತ್ತಿರುವಾಗಲೇ ಶಿವಬಸವ್ವ ಬಂದರು. ನೀತಾಳ ಕೈಯೆಲ್ಲ ಮಣ್ಣು. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ, "ಒಂದು ಹಿಡಿ ಮಣ್ಣಿನಾಗ ಗೋಧಿ ಬೆಳೀತಂತ ಫ್ಯಾಕ್ಟರಿ ಒತ್ತಿ ಇಡ್ತೀರೇನು?" ಎಂದು ಅವಳೇ ಕೇಳಿದ್ದಳು. ಇನ್ನೇನು ಬೇಕು?

"ಆಯಿ ಬೈಲಿಲ್ರಿ," ಎಂದಳು ನೀತಾ. "'ದೇವೀ ಮ್ಯಾಲೆ ಸಿಟ್ಟು ತೀರಿಸ್ಕೊಂಡೇನವಾ?' ಅಂತ ಅಷ್ಟ ಕೇಳಿ ಹೊರಳಿ ಹೋದ್ರು. ಬೈದಿದ್ರ ಚಲೋ ಇತ್ತು."

ಗೋದಕ್ಕ ಎದ್ದು ಚಪ್ಪಲಿ ಮೆಟ್ಟಿದಳು. ಮನೋಹರ ಉಳಿದ ಅವಲಕ್ಕಿಯನ್ನು ಒಮ್ಮೆ ನೋಡಿ, ನಿಟ್ಟುಸಿರಿಟ್ಟು, ಸ್ಕೂಟರಿನ ಕೀಲಿ ಎತ್ತಿಕೊಂಡ.

*

ನಿಜಲಿಂಗಪ್ಪನವರ ಔಂಧದ ಬಂಗಲೆಯಲ್ಲಿ ಹಬ್ಬದ ತೋರಣವಿತ್ತು, ಹಬ್ಬವಿರಲಿಲ್ಲ. ಹಜಾರದ ಗೋಡೆಯಲ್ಲಿ ಲಾರ್ನ್‌ಬ್ರೇ ಚಿತ್ರ, ಅದರ ಕೆಳಗೆ ನಿಜಲಿಂಗಪ್ಪ. ಗಟ್ಟಿ ಆಳು, ಗಟ್ಟಿ ದನಿ.

"ಬರ್ರಿ ಗೋದಕ್ಕ. ನನ್ನ ಸೊಸಿ ನಿಮ್ಮನ್ನ ಕರದಾಳಂದ್ರ ಬ್ಯಾಡನ್ನಂಗಿಲ್ಲ. ಆದ್ರ ಒಂದು ಮಾತು. ಘಟ್ಟ ಬೀಳೂಕಿಂತ ಮೊದಲ ಸಸಿ ಎಷ್ಟು ಹುಲುಸಾಗಿತ್ತಂತ ಅವ್ವ ನೋಡ್ಯಾಳ. ದೇವಿ ಒಪ್ಪಿಗಿ ಕೊಟ್ಟಾಗ್ಯದ. ದಸರಾ ದಿನ ಮಧ್ಯಾಹ್ನ ಸಹಿ ಮಾಡೇ ಮಾಡ್ತೇನಿ."

"ಮಾಡ್ರಿ," ಎಂದಳು ಗೋದಕ್ಕ. "ನಾ ನಿಮ್ಮ ಮನಿ ವ್ಯವಹಾರಕ್ಕ ಬಂದಿಲ್ಲ. ದೇವರ ಕೋಣಿ ತೋರಸ್ರಿ."

ನೀತಾ ನೆಲ ಒರೆಸಿರಲಿಲ್ಲ. ದೇವಿಯ ಮುಂದೆ ಒದ್ದೆಯ ಗುರುತು, ಗಡಿಗೆಯ ಚೂರು. ಮಣ್ಣನ್ನೆಲ್ಲ ಬಳಿದು ಅವಳು ಒಂದು ಸ್ಟೀಲ್ ಪರಾತಿನಲ್ಲಿ ಹಾಕಿಟ್ಟು, ಬದುಕಿದ ಗೋಧಿ ಸಸಿಗಳನ್ನು ಅದರಲ್ಲೇ ಮತ್ತೆ ನೆಟ್ಟು ನೀರು ಚಿಮುಕಿಸಿದ್ದಳು. ಘಟವಿದ್ದ ಜಾಗದಿಂದ ಒಂದು ಮಾರು ದೂರ, ಗೋಡೆಯ ಮೂಲೆಯಲ್ಲಿ, ನಂದಾದೀಪ ಶಾಂತವಾಗಿ ಉರಿಯುತ್ತಿತ್ತು.

"ಈ ದೀಪಾ ಇಲ್ಲೇ ಇರ್ತದೇನು?"

"ಇಲ್ರಿ," ಎಂದಳು ನೀತಾ. "ಘಟ್ಟದ ಬಾಜೂಕ ಇರ್ತದ. ನಾ ಬಂದಾಗನ ಇದು ಮೂಲ್ಯಾಗ ಇತ್ತು. ನಾ ಮುಟ್ಟಿಲ್ಲ."

ಗೋದಕ್ಕ ದೀಪದ ಮುಂದೆ ಬಗ್ಗಿದಳು. ನೆಲದ ಮೇಲೆ ಒಂದು ತೊಟ್ಟು ಎಣ್ಣೆಯೂ ಚೆಲ್ಲಿರಲಿಲ್ಲ. ಹುಷಾರಾಗಿ, ಎರಡೂ ಕೈಯಿಂದ ಎತ್ತಿಟ್ಟವರ ಕೆಲಸ.

ಶಿವಬಸವ್ವ ತಮ್ಮ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಎಲ್ಲ ಮಬ್ಬಾಗಿ ಕಾಣುತ್ತಿತ್ತು, ಹಬ್ಬ ಮುಗಿದ ಮೇಲೆ ಆಪರೇಷನ್. ಗೋದಕ್ಕನ ಕೈ ಹಿಡಿದುಕೊಂಡೇ ಮಾತಾಡಿದರು.

"ಆ ಮಣ್ಣಿಗೆ ಬ್ಯಾರೆ ಮಣ್ಣು ಕೂಡಿಸಿದ್ರೇನ್ರಿ ಅಜ್ಜಿ? ಗಿಡದ ಕುಂಡದ್ದು, ಗೊಬ್ಬರ, ಏನರ?"

"ಛೀ, ಕೂಡಿಸಿದ್ರ ಪರೀಕ್ಷಾ ಹೆಂಗ ಆಗತದ? ಕಿಟ್ಟಿ ತಂದ ಡಬ್ಬಿಗೆ ಮೇಣಾ ಹಚ್ಚಿತ್ತು. ಎಲ್ಲಾರ ಮುಂದ ಒಡದು ಎಲಿ ಮ್ಯಾಲೆ ಸುರುವಿದೆ. ಎಂಥಾ ಬೆಳಿ ಬಂತು ಅಂತೀ! ಮತ್ತ ನಾ ಬಿತ್ತಲಾರದ್ದೂ ಬಂತು. ಗೋಧಿ ಸಸಿ ಬೆಳ್ಳಗ ಇದ್ರ, ಅದರ ನಡುವ ಅಲ್ಲೊಂದು ಇಲ್ಲೊಂದು ಕರ್ರಗ ಹಸರು ಹುಲ್ಲು. ಮುಟ್ಟಿ ನೋಡಿದೆ, ದಪ್ಪ, ನುಣ್ಣಗ. ದೇವಿನ ಬಿತ್ಯಾಳ ಅಂದೆ. ನಿನ್ನೆ ಸಂಜೀಕ ಆರತಿ ಮುಂದ ಎಲ್ಲಾರಿಗೂ ಹೇಳಿದೆ, ಬೆಳಗಾಂವಿಯಿಂದ ನಮ್ಮ ಅಣ್ಣ ದಸರಾಕ್ಕ ಬರ್ತಾನ, ಹೊಲಾ ಮಾಡಿದಾಂವ, ಇದೇನು ಹುಲ್ಲು ಅಂತ ಅವಗ ತೋರಸ್ತೇನಿ ಅಂತ."

"ಆರತಿಗೆ ಯಾರ್ಯಾರು ಇದ್ರು?"

ಮಗ, ಮೊಮ್ಮಗ ಸಂಜು, ಅವನ ಹೆಂಡತಿ ನೀತಾ, ಕಿಟ್ಟಿ, ಸುಖೇಶ್. ಕಾಗದಪತ್ರಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಸುಖೇಶ್ ಅವರ ಮನೆಯಲ್ಲೇ ಉಳಿದಿದ್ದ. ಬೆಳಿಗ್ಗೆ ನೀತಾಳಿಗಿಂತ ಮೊದಲು ಎದ್ದವರಲ್ಲಿ ಸಂಜು ಓಡಲು ಹೋಗಿದ್ದ. ಕಿಟ್ಟಿ ದಿನಾ ಬೆಳಗಾಗುವುದರೊಳಗೆ ಹೂವು ತಂದು ದೇವರ ಕೋಣೆಯಲ್ಲಿಟ್ಟು ಹೋಗುತ್ತಾನೆ, ಅವನ ಹತ್ತಿರ ಒಂದು ಕೀಲಿಯಿದೆ. ತಾನು ಬಂದಾಗ ಎಲ್ಲ ಸರಿಯಾಗಿತ್ತು ಎಂದು ಅವನು ಹೇಳಿದ. ಸುಖೇಶ್ ತಾನು ಏಳುವಷ್ಟರಲ್ಲಿ ಗಲಾಟೆ ಆಗಿಹೋಗಿತ್ತು ಎಂದ. ಸಂಜುವಿನ ಪಾಡು ಹೇಳುವುದೇ ಬೇಡ. ಅಪ್ಪನ ಮುಖ ನೋಡುತ್ತಿದ್ದ, ಹೆಂಡತಿಯ ಮುಖ ನೋಡುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಮನೋಹರನಿಗೆ ಅವನನ್ನು ಹಿಡಿದು ಅಲುಗಾಡಿಸಬೇಕೆನಿಸಿತು.

ಮನೋಹರನ ಅನುಮಾನವೆಲ್ಲ ಸುಖೇಶನ ಮೇಲಿತ್ತು. ಎಣ್ಣೆ ಹಚ್ಚಿ ಬಾಚಿದ ಕೂದಲು, ಮಾತಿಗೊಮ್ಮೆ ನಗು.

"ಮೇಡಂ, ನನಗೆ ಈ ಪೂಜೆ ಎಲ್ಲ ಗೊತ್ತಿಲ್ಲ," ಎಂದ ಸುಖೇಶ್. "ಡೀಲ್ ಆಗ್ಬೇಕು ಅಂತ ಇರೋನು ನಾನು. ಅಪಶಕುನ ಮಾಡಿ ನನ್ನ ಕಾಲಿಗೆ ನಾನೇ ಕಲ್ಲು ಹಾಕ್ಕೋತೀನಾ?"

ಕಿಟ್ಟಿಯೇ ಎಲ್ಲರಿಗಿಂತ ನೊಂದವನಂತೆ ಕಂಡ. ಗುಂಡು ಮುಖ, ಹಣೆಯಲ್ಲಿ ವಿಭೂತಿ. ಗೋದಕ್ಕನ ಹತ್ತಿರ ಬಂದು ದನಿ ತಗ್ಗಿಸಿದ. "ನೀತಾ ಇನ್ನೂ ಸಣ್ಣಾಕಿ ಗೋದಕ್ಕ. ಸಿಟ್ಟಿನ ಭರದಾಗ ಕೈತಪ್ಪಿ ಆಗಿರಬೇಕು. ಇದನ್ನ ಎಳಿಯೂದು ಬ್ಯಾಡ್ರಿ. ನಾ ನಿಜಲಿಂಗಗ ಹೇಳಿ ಕ್ಷಮಾ ಕೊಡಸ್ತೇನಿ."

"ಭಾಳ ದೊಡ್ಡ ಮನಸು ನಿಮ್ದು," ಎಂದಳು ಗೋದಕ್ಕ. "ಮಣ್ಣು ತಂದ ಡಬ್ಬಿ ಎಲ್ಲದ? ವಿಮಾನದಾಗ ಮಣ್ಣು ತರೂಕ ಬಿಟ್ರೇನು?"

"ಬಿಸ್ಕೀಟ್ ಡಬ್ಬಿಯೊಳಗ ಮುಚ್ಚಿ ತಂದೇರಿ," ಎಂದು ಕಿಟ್ಟಿ ನಾಚಿಕೆಯಿಂದ ನಕ್ಕ. "ದೇವರ ಕೆಲಸ, ಯಾರೂ ಕೇಳಲಿಲ್ಲ. ಫೋಟೋನೂ ಭಾಳ ತಗದಿದ್ದೆ, ನನ್ನ ಫೋನ್ ಮಳ್ಯಾಗ ತೊಯ್ದು ಎಲ್ಲಾ ಹೋದುವು. ಸುಖೇಶ್ ಕಳಿಸಿದ್ದು ಅಷ್ಟ ಉಳದಾವ."

ಕೆಂಪು ಚೌಕಡಿ ಬಟ್ಟೆಯ ಚಿತ್ರವಿದ್ದ, ಸ್ಕಾಟ್ಲೆಂಡಿನಲ್ಲೇ ಮಾಡಿದ್ದೆಂದು ಬರೆದಿದ್ದ ಆ ಡಬ್ಬಿ ದೇವರ ಕೋಣೆಯ ಕಪಾಟಿನಲ್ಲಿತ್ತು. ಗೋದಕ್ಕ ಮುಚ್ಚಳ ನೋಡಲಿಲ್ಲ, ತಿರುವಿ ತಳ ನೋಡಿದಳು. ತಳದಲ್ಲಿ ಕಾಗದದ ಚೀಟಿಯೊಂದನ್ನು ಉಗುರಿನಿಂದ ಕೆರೆದು ತೆಗೆದ ಗುರುತಿತ್ತು, ಅಂಟು ಇನ್ನೂ ಬೆರಳಿಗೆ ಹತ್ತುತ್ತಿತ್ತು.

ಹೊರಡುವ ಮುನ್ನ ಅವಳು ಪರಾತಿನ ಮುಂದೆ ಬಹಳ ಹೊತ್ತು ಕೂತಳು. ಗೋಧಿ, ಜೋಳದ ಸಸಿ ಇದ್ದವು. ಶಿವಬಸವ್ವ ಹೇಳಿದ ಕಪ್ಪು ಹಸಿರಿನ ಹುಲ್ಲು ಒಂದೂ ಇರಲಿಲ್ಲ.

"ಬಳಿಯೂ ಮುಂದ ಹಂಥಾ ಹುಲ್ಲೇನರ ಸಿಕ್ತೇನು ನೀತಾ?"

"ಇಲ್ರಿ. ನಾನೂ ಹುಡಿಕಿದೆ. ಆಯಿ ಅದನ್ನ ಭಾಳ ಮೆಚ್ಚಿದ್ರು ಅಂತ."

ಗೋದಕ್ಕ ಬೆರಳಿನಿಂದ ಮಣ್ಣು ಕೆದಕಿ, ಕಡಲೆಕಾಳಿನಷ್ಟು ದಪ್ಪದ ಕೆಲವು ಕರಿಯ ಹೆಂಟೆಗಳನ್ನು ಆರಿಸಿಕೊಂಡಳು. ಒಂದನ್ನು ಉಗುರಿನಿಂದ ಚಿವುಟಿ ಮೂಸಿದಳು. ನಂತರ ಎಲ್ಲರ ಎದುರಿಗೇ, ಎರಡು ಹಿಡಿ ಮಣ್ಣನ್ನೂ ಆ ಹೆಂಟೆಗಳನ್ನೂ ಒಂದು ಸ್ಟೀಲ್ ಬಟ್ಟಲಿಗೆ ಹಾಕಿ, ನೀರು ಚಿಮುಕಿಸಿ, ಶಿವಬಸವ್ವನ ಕೋಣೆಯ ಕಿಟಕಿಯಲ್ಲಿಟ್ಟಳು.

"ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ಅಜ್ಜಿ, ನೀವು ಇಲ್ಲೇ ಕಾವಲು. ಇದು ದೇವಿ ಮಣ್ಣು, ದಸರಾತನಕ ನಿಮ್ಮ ಕಣ್ಣ ಮುಂದ ಇರಲಿ."

"ಕಣ್ಣೆಲ್ಲದವ ಗೋದವ್ವ, ಕೈಯಾಗ ಹಿಡಕೊಂಡ ಕೂಡ್ತೇನಿ," ಎಂದರು ಶಿವಬಸವ್ವ.

*

ನವಮಿಯ ದಿನ ಗೋದಕ್ಕ ಮನೋಹರನನ್ನು ಪುಣೆ ಕ್ಯಾಂಪ್ ಪೇಟೆಯ ಅಂಗಡಿಗಳಿಗೆ ಅಲೆಸಿದಳು. ಆಯುಧ ಪೂಜೆಯ ಗದ್ದಲ, ಗಾಡಿಗಳಿಗೆಲ್ಲ ಚೆಂಡುಹೂವಿನ ಮಾಲೆ. ತನ್ನ ಸ್ಕೂಟರಿಗೆ ಪೂಜೆ ಮಾಡದೆಯೇ ಅದರ ಮೇಲೆ ಕೂತದ್ದು ಮನೋಹರನಿಗೆ ಸರಿಬರಲಿಲ್ಲ. ಮೂರನೆಯ ಅಂಗಡಿಯಲ್ಲಿ ಅವಳು ಒಂದು ಬಿಸ್ಕೀಟು ಡಬ್ಬಿ ಕೊಂಡು ಚೀಲಕ್ಕೆ ಹಾಕಿದಳು. ಆಮೇಲೆ ಸುಖೇಶನಿಗೆ ಫೋನ್ ಮಾಡಿ, ಲಾರ್ನ್‌ಬ್ರೇಯ ಕೀಲಿ ಇಟ್ಟುಕೊಂಡವರನ್ನು ಒಂದು ಮಾತು ಕೇಳಿ ನಾಳೆ ಉತ್ತರ ತರಬೇಕು, ತರದಿದ್ದರೆ ನಿಜಲಿಂಗಪ್ಪನವರ ಮುಂದೆಯೇ ತಾನು ಕೇಳುತ್ತೇನೆ ಎಂದಳು.

"ಸುಖೇಶನ ಅಲ್ಲೇನು ಕಳ್ಳಾ?" ಎಂದ ಮನೋಹರ. "ಆ ನಗೂ ನೋಡ್ರಿ!"

"ನಗೂದು ಗುನ್ಹೆ ಆಗಿದ್ರ ಯೆರವಡಾ ಜೇಲು ಸಾಲ್ತಿರಲಿಲ್ಲ," ಎಂದಳು ಗೋದಕ್ಕ. "ದೀಪಾ ಯಾಕ ಸರಿಸಿದ್ರು, ಅದನ್ನ ವಿಚಾರ ಮಾಡು."

ಮನೋಹರ ಮನೆ ಮುಟ್ಟುವವರೆಗೂ ವಿಚಾರ ಮಾಡಿದ. ಏನೂ ಹೊಳೆಯಲಿಲ್ಲ. ಬಿಸ್ಕೀಟು ತಿನ್ನಬಹುದೇ ಎಂದು ಕೇಳಿದ್ದಕ್ಕೆ ನಾಳೆ ಎಂಬ ಉತ್ತರ ಬಂತು.

*

ದಸರಾದ ಮಧ್ಯಾಹ್ನ ಎಲ್ಲರೂ ಹಜಾರದಲ್ಲಿ ಸೇರಿದರು. ಶಿವಬಸವ್ವನ ಅಣ್ಣ ಬೆಳಗಾವಿಯಿಂದ ಇನ್ನೂ ಬಂದು ಮುಟ್ಟಿರಲಿಲ್ಲ. ಮೇಜಿನ ಮೇಲೆ ಸುಖೇಶನ ಕಾಗದಗಳು, ಪಕ್ಕದಲ್ಲಿ ಬನ್ನಿ ಎಲೆ, ನಿಜಲಿಂಗಪ್ಪನವರ ಜೇಬಿನಲ್ಲಿ ಪೂಜೆ ಮಾಡಿಟ್ಟ ಪೆನ್ನು. ಶಿವಬಸವ್ವ ಸ್ಟೀಲ್ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದರು. ನೀತಾ ಬಾಗಿಲ ಹತ್ತಿರ ನಿಂತಿದ್ದಳು, ಕೂರು ಎಂದರೂ ಕೂರಲಿಲ್ಲ.

ಗೋದಕ್ಕ ನಡುವೆ ನಿಂತಳು. "ಘಟ್ಟ ಉರುಳಿದ್ದು ನೋಡಿ ನೀವೆಲ್ಲಾ ಒಂದ ತಿಳಕೊಂಡ್ರಿ. ಖರೀದಿ ಬ್ಯಾಡನ್ನೋರು ಅಪಶಕುನ ಆಗಲಿ ಅಂತ ಉರುಳಿಸ್ಯಾರ, ಅಂದ್ರ ನೀತಾ. ಆದ್ರ ಅಪಶಕುನ ಬೇಕಾದವರು ಮೊದಲ ಏನು ಮಾಡ್ತಾರ? ನಂದಾದೀಪಾ ಆರಸ್ತಾರ. ಅದಕ್ಕಿಂತ ದೊಡ್ಡ ಅಪಶಕುನ ಇಲ್ಲ. ಇವರು ಅದನ್ನ ಎರಡೂ ಕೈಯಿಂದ ಎತ್ತಿ, ತೊಟ್ಟು ಎಣ್ಣಿ ಚೆಲ್ಲಲಾರದಂಗ ಮೂಲ್ಯಾಗ ಇಟ್ಟಾರ. ದೇವಿ ಅಂದ್ರ ಹೆದರಿಕಿ ಇದ್ದವರು. ಹಂಗಾರ ಅವರಿಗೆ ಬೇಕಾಗಿದ್ದು ಶಕುನ ಅಲ್ಲ, ಆ ಎಲಿ ಮ್ಯಾಲಿನ ಯಾವುದೋ ವಸ್ತು."

"ಏನದು?" ಎಂದರು ನಿಜಲಿಂಗಪ್ಪ.

"ಅಜ್ಜಿ ಬಿತ್ತಲಾರದ ಹುಲ್ಲು. ಚೆಲ್ಲಿದ್ದರಾಗ ಗೋಧಿ ಇತ್ತು, ಜೋಳಾ ಇತ್ತು, ಆ ಕರೀ ಹಸರು ಹುಲ್ಲು ಒಂದೂ ಇದ್ದಿಲ್ಲ. ಅದನ್ನಷ್ಟ ಆರಿಸಿ ಕಿತ್ತಿದ್ರು. ಬರೇ ಅದನ್ನ ಕಿತ್ರ ಯಾಕ ಕಿತ್ರಿ ಅಂತ ಪ್ರಶ್ನೆ ಬರತಿತ್ತು. ಘಟ್ಟನ ಉರುಳಿಸಿದ್ರ ಯಾರೂ ಹುಲ್ಲಿನ ಲೆಕ್ಕಾ ಇಡೂದಿಲ್ಲ. ಅಣ್ಣಗ ತೋರಸ್ತೇನಿ ಅಂತ ಅಜ್ಜಿ ಅಂದದ್ದು ಸಂಜೀಕ, ಇದಾಗಿದ್ದು ಮರುದಿನ ಬೆಳಿಗ್ಗೆ. ಆದ್ರ ಕಿತ್ತವರಿಗೆ ಒಂದು ಗೊತ್ತಿದ್ದಿಲ್ಲ. ಈ ಹುಲ್ಲು ಕಿತ್ರ ಎಲಿ ಅಷ್ಟ ಕೈಗೆ ಬರತದ, ಗಡ್ಡಿ ಮಣ್ಣಿನಾಗ ಉಳೀತದ. ಅಜ್ಜಿ, ಬಟ್ಟಲಾ ಮುಟ್ಟಿ ನೋಡ್ರಿ."

ಶಿವಬಸವ್ವ ಬೆರಳಾಡಿಸಿದರು. ಅವರ ಮುಖ ಬದಲಾಯಿತು. "ಬಂದದ! ಅದ ಹುಲ್ಲು ಮತ್ತ ಬಂದದ!"

ಎಲ್ಲರೂ ಬಗ್ಗಿದರು. ಮಣ್ಣನ್ನು ಸೀಳಿಕೊಂಡು ಕಪ್ಪು ಹಸಿರಿನ ಮೊನೆಗಳು ಎದ್ದಿದ್ದವು. ಗೋದಕ್ಕ ಅದರ ಬುಡದಿಂದ ಒಂದು ಕರಿಯ ಗಡ್ಡೆ ತೆಗೆದು, ಚಿವುಟಿ, ಅಜ್ಜಿಯ ಮೂಗಿನ ಹತ್ತಿರ ಹಿಡಿದಳು. "ಕಣ್ಣು ಬ್ಯಾಡ. ವಾಸನಿ ಹೇಳ್ರಿ."

ಶಿವಬಸವ್ವ ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದು ಜೇಕಿನ ಗಡ್ಡಿ," ಎಂದರು ನಿಧಾನವಾಗಿ. "ದೀಪಾವಳಿ ಎಣ್ಣಿಸ್ನಾನಕ್ಕ ಮೈಗೆ ಹಚ್ಚೂ ಉಟಣಿಗೆ ಹಾಕ್ತಾರಲ್ಲ, ಅದ. ನಮ್ಮ ಹೊಲದಾಗ ಇದನ್ನ ತಗದು ತಗದು ನನ್ನ ನಡಾ ಮುರದಿತ್ತು. ಇದು... ಇದು ಆ ಥಂಡೀ ದೇಶದಾಗ ಹೆಂಗ ಬೆಳೀತದ ಗೋದವ್ವ?"

"ಬೆಳಿಯೂದಿಲ್ಲ. ಇದು ಬಿಸಿಲು ನೆಲದ ಕಳೆ. ಗಾಳ್ಯಾಗ ಹಾರಿ ಬರಲಿಕ್ಕೆ ಇದು ಬೀಜಾ ಅಲ್ಲ, ಗಡ್ಡಿ. ನೀವು ಬ್ಯಾರೆ ಮಣ್ಣು ಕೂಡಿಸಿಲ್ಲ. ಅಂದ್ರ ಮೇಣಾ ಹಚ್ಚಿದ ಡಬ್ಬಿಯೊಳಗನ ಇತ್ತು. ಈ ಮಣ್ಣು ಸ್ಕಾಟ್ಲೆಂಡ್ ನೋಡಿಲ್ಲ."

ಗೋದಕ್ಕ ಚೀಲದಿಂದ ತಾನು ಕೊಂಡ ಬಿಸ್ಕೀಟು ಡಬ್ಬಿ ತೆಗೆದಳು. ಅದೇ ಕೆಂಪು ಚೌಕಡಿ. ತಿರುವಿ ತಳ ತೋರಿಸಿದಳು. ಅಲ್ಲಿ ರೂಪಾಯಿಯಲ್ಲಿ ಬೆಲೆ ಬರೆದ ಬಿಳಿ ಚೀಟಿಯಿತ್ತು. "ಹೊರದೇಶದ ಬಿಸ್ಕೀಟ್ ಇಲ್ಲಿ ಮಾರೂ ಮುಂದ ಈ ಚೀಟಿ ಹಚ್ತಾರ. ಮಣ್ಣಿನ ಡಬ್ಬಿ ತಳದಾಗ ಇಂಥಾ ಚೀಟಿ ಕೆರದ ಗುರುತದ. ಅದನ್ನೂ ಇಲ್ಲೇ ಕೊಂಡಿದ್ದು."

ಯಾರೂ ಕಿಟ್ಟಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಗೋದಕ್ಕ ಸುಖೇಶನ ಕಡೆ ತಿರುಗಿದಳು. "ನಾ ಹೇಳಿದ್ದು ಕೇಳಿದ್ರೇನು?"

ಸುಖೇಶನ ನಗು ಮಾಯವಾಗಿತ್ತು. "ಕೇಳ್ದೆ ಮೇಡಂ. ಕೀಲಿ ಇರೋದು ಆ ಹಳ್ಳಿಯ ಒಬ್ಬ ಅಜ್ಜಿ ಹತ್ರ. ಇಂಡಿಯಾದಿಂದ ಯಾರೂ ಬಂದೇ ಇಲ್ವಂತೆ. ಆವತ್ತು ಕೇಕ್ ಮಾಡಿಟ್ಕೊಂಡು ಸಂಜೆವರೆಗೂ ಕಾದ್ರಂತೆ. ನನಗೆ ಮುಂಚೆ ಗೊತ್ತಿರ್ಲಿಲ್ಲ ಅನ್ನಲ್ಲ. ಕಿಟ್ಟಿ ಅಂಕಲ್ ನೋಡ್ಕೊಂಡು ಬಂದೆ ಅಂದ್ರು, ನಾನು ಕೆದಕೋಕೆ ಹೋಗ್ಲಿಲ್ಲ."

"ಚಾವಣಿ?" ಎಂದಳು ನೀತಾ ಬಾಗಿಲಿನಿಂದ. ಅವತ್ತು ಅವಳು ಆಡಿದ ಮೊದಲ ಮಾತು ಅದು.

"ಸ್ವಲ್ಪ ವರ್ಕ್ ಇದೆ."

"ಎಷ್ಟು?"

ಸುಖೇಶ್ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ. "ಹಿಂದಿನ ಅರ್ಧ ಮನೆಗೆ ಚಾವಣಿ ಇಲ್ಲ."

ನಿಜಲಿಂಗಪ್ಪ ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. "ಕಿಟ್ಟಿ," ಎಂದರು. ಅಷ್ಟೇ.

ಕಿಟ್ಟಿ ಕುಸಿದು ಕೂತ. "ವೀಸಾ ಕೊಡಲಿಲ್ಲೋ ನಿಜಲಿಂಗ. ಹೋಗೂ ಹಿಂದಿನ ದಿನಾ ಇಲ್ಲಂತ ಬಂತು. ಶಾಲು ಹೊದಿಸಿದ್ರು, ಪೇಟಾ ಸುತ್ತಿದ್ರು, ಇಡೀ ಸಂಘ ನಿಂತು ಚಪ್ಪಾಳಿ ಹೊಡದಿತ್ತು. ಮರುದಿನ ಪೇಟೆದಾಗ ಕಾಯಿಪಲ್ಲೆ ಚೀಲಾ ಹಿಡಕೊಂಡು ಹೆಂಗ ಅಡ್ಡಾಡಲಿ? ಇಲ್ಲೇ ಹತ್ರ ಲೋಣಾವಳಾದಾಗ ಒಂದು ಹೋಟೆಲ್‌ನಾಗ ಬಾಗಲಾ ಹಾಕ್ಕೊಂಡು ಕೂತೆ. ಮನಿ ಹೆಂಗಿದ್ರೂ ಅದ, ವಿಡಿಯೋ ಅದ, ನಾ ನೋಡಿದ್ರೇನು ಬಿಟ್ರೇನು ಅಂದ್ಕೊಂಡೆ. ಮಣ್ಣು ಆ ಹೋಟೆಲ್ ಹಿತ್ತಲದ್ದು. ಆ ಹುಲ್ಲು ಅಲ್ಲೆಲ್ಲಾ ಹಬ್ಬಿತ್ತು, ಘಟ್ಟದಾಗ ಬಂದ ಕೂಡ್ಲೇ ಗುರ್ತು ಸಿಕ್ತು. ಅವ್ವಾರ ಅಣ್ಣ ನೋಡಿದ್ರ ಹೇಳಿಬಿಡ್ತಾರಂತ ಹೆದರಿ, ಹೂವು ಇಡೂಕ ಬಂದಾಗ ಕಿತ್ತೆ."

ಮನೋಹರನಿಗೆ ತಾನು ಅಂದು ಮಾಡಿದ ಭಾಷಣ ನೆನಪಾಯಿತು. 'ಸಾಗರದಾಚೆ ಕನ್ನಡದ ಹೆಜ್ಜೆ' ಎಂದು ಗಂಟಲು ಹರಿಯುವ ಹಾಗೆ ಹೇಳಿದ್ದ. ಅವನು ಮೆಲ್ಲಗೆ ಚಾವಣಿ ನೋಡಿದ. ಅದು ಗಟ್ಟಿಯಾಗಿತ್ತು.

"ಗಂಟಲಾ ಕೆಟ್ಟದ ಅಂತ ಭಾಷಣಾ ಬಿಟ್ರಂತ ಮನೋಹರ ಹೇಳಿದಾಗನ ನನಗ ಕಿವಿ ನೆಟ್ಟಗಾಗಿತ್ತು," ಎಂದಳು ಗೋದಕ್ಕ. "ನಾಚಿಕಿ ನನಗೂ ತಿಳೀತದ. ಆದ್ರ ಮಾಡಲಾರದ ತಪ್ಪಿಗೆ ಆ ಹುಡಿಗಿಗೆ ಕ್ಷಮಾ ಕೊಡಸ್ತೇನಿ ಅಂತ ನಿಂತ್ರೆಲ್ಲ, ಅದಕ್ಕ ಏನನ್ನಲಿ?"

"ವೀಸಾ ಸಿಗಲಿಲ್ಲಂತ ಹೇಳಿದ್ರ ನಾ ನಗತಿದ್ದೆ, ಅಷ್ಟ," ಎಂದರು ನಿಜಲಿಂಗಪ್ಪ. ಗಟ್ಟಿ ದನಿ ಒಡೆದಿತ್ತು. "ಜೀವನಪೂರ್ತಿ ಚೇಷ್ಟಿ ಮಾಡತಿದ್ದೆ. ನನ್ನ ಸೊಸಿ ಮ್ಯಾಲೆ ಬಿಟ್ಟೆಲ್ಲೋ, ಇದನ್ನ ಹೆಂಗ ನಗಲಿ?"

ಕಿಟ್ಟಿ ಎದ್ದು ನೀತಾಳ ಮುಂದೆ ಕೈ ಮುಗಿದ.

"ಕಾಕಾ," ಎಂದಳು ನೀತಾ, "ದೀಪಾ ಆರಬಾರದಂತ ಎಷ್ಟು ಹುಷಾರಿಂದ ಬಾಜೂಕ ಸರಿಸಿಟ್ರಿ. ನನ್ನ ಹೆಸರನ್ನೂ ಹಂಗ ಬಾಜೂಕ ಸರಿಸಿಡಬಹುದಿತ್ತಲ್ರಿ."

ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ. ಹೋಗುವಾಗ ಆ ಮನೆಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದ. ಸುಖೇಶನೂ ಕಾಗದ ತುಂಬಿಕೊಂಡು ಟ್ಯಾಕ್ಸಿ ಹುಡುಕಿದ. ಆಗ ಸಂಜು ಎದ್ದು ಬಂದು ಹೆಂಡತಿಯ ಪಕ್ಕ ನಿಂತ. ಸ್ವಲ್ಪ ತಡವಾಯಿತು ಎಂದು ಮನೋಹರನಿಗೂ ಅನ್ನಿಸಿತು, ನೀತಾಳಿಗೂ ಅನ್ನಿಸಿರಬೇಕು, ಅವಳು ಅವನತ್ತ ನೋಡಲಿಲ್ಲ.

ಶಿವಬಸವ್ವ ಪರಾತು ತರಿಸಿದರು. ನೀತಾ ನೆಟ್ಟು ಬದುಕಿಸಿದ್ದ ಗೋಧಿ ಸಸಿಗಳನ್ನು ತಡವಿ ತಡವಿ ಒಂದು ಗೊಂಚಲು ಕಿತ್ತರು.

"ಬಾ ಇಲ್ಲೆ. ಬಗ್ಗು."

ನೀತಾ ಬಗ್ಗಿದಳು. ಅಜ್ಜಿ ಅವಳ ತಲೆಯನ್ನು ಕೈಯಿಂದ ಹುಡುಕಿ, ಮುಡಿಗೆ ಸಸಿ ಸಿಕ್ಕಿಸಿದರು. ಕೈ ಅಲ್ಲೇ ಉಳಿಯಿತು. "ನನ್ನ ಕಣ್ಣಾಗಷ್ಟ ಪೊರಿ ಬಂದದ ಅಂದ್ಕೊಂಡಿದ್ದೆ. ತಪ್ಪಾತವಾ. ನನ್ನ ತಪ್ಪು." ನೀತಾ ಆಗ ಅತ್ತಳು. ತಡೆಯಲಿಲ್ಲ, ಯಾರೂ ತಡೆಯಲೂ ಇಲ್ಲ.

ನಿಜಲಿಂಗಪ್ಪ ಗೋಡೆಯ ಚಿತ್ರ ನೋಡುತ್ತಿದ್ದರು. ಆಸೆ ಹೋಗಿರಲಿಲ್ಲ, ಅದು ಅವರ ಮುಖದಲ್ಲೇ ಕಾಣುತ್ತಿತ್ತು. "ಅರ್ಧ ಚಾವಣಿ ಇಲ್ಲಂದ್ರ," ಎಂದರು ಹುಡುಗನ ಹಾಗೆ, "ಇನ್ನರ್ಧ ಅದ ಅಂದಂಗಾತಲ್ಲ?"

ನೀತಾ ಕಣ್ಣೊರೆಸಿಕೊಂಡಳು. "ಮಾವಾರ, ಗ್ವಾಡಿ ನೋಡಲಾರದ ಹೇಳಾಕಾಗೂದಿಲ್ಲ. ನಾ ಹೋಗಿ ನೋಡ್ತೇನಿ. ಬ್ಯಾಡಂತ ಬಂತಂದ್ರ ಬ್ಯಾಡ. ಕೇಳ್ತೀರೇನು?"

"ಕೇಳ್ತೇನಿ," ಎಂದರು ಅವರು. ಆ ಮಾತು ಅವರಿಗೆ ಸುಲಭವಾಗಿರಲಿಲ್ಲ.

"ಆದ್ರ ಆಯಿ," ನೀತಾ ಅಜ್ಜಿಯ ಕಡೆ ತಿರುಗಿದಳು, "ಮಣ್ಣು ತರೂಕ ಆಗೂದಿಲ್ರಿ. ವಿಮಾನದಾಗ ಬಿಡೂದಿಲ್ಲ."

ಶಿವಬಸವ್ವ ಅವಳ ಮುಡಿಯ ಸಸಿಯನ್ನು ಇನ್ನೊಮ್ಮೆ ಸರಿಮಾಡಿದರು.

"ಮಣ್ಣು ಯಾಕ ಬೇಕವಾ ಇನ್ನ? ನೀ ನೋಡಿ ಬಾ. ನಿನ್ನ ಕಣ್ಣು ಸಾಕು ನನಗ."